ಗಿಳಿಯ ಕೊರಳಿನ ಶಿವದಾರ

ನಮ್ಮ ಗಿಳಿಗೆ ಭಕ್ತಿ ಇದೆ ಎಂದು ಸಿದ್ಧೇಶ್ವರ ಗುಡಿ ಓಣಿಯ ಮನೆಮನೆಗೂ ಹೇಳಿಕೊಂಡು ಬಂದವಳು ನಾನೇ. ಅರವತ್ತೆರಡನೆಯ ಇಸವಿಯ ಶ್ರಾವಣದಿಂದ ಬಾಯಿ ಮುಚ್ಚಿಕೊಂಡಿರುವವಳೂ ನಾನೇ.

ಆರು ವರ್ಷ, ನಾನು ಪೂಜೆ ಮುಗಿಸಿ ನೆನೆಸಿದ ಕಡಲೆ ಹಿಡಿದು ಪಂಜರದ ಹತ್ತಿರ ಹೋದರೆ ಸಾಕು, "ಶಿವಾ, ಶಿವಾ" ಅನ್ನುತ್ತಿತ್ತು. ನಾನು "ಓ" ಅನ್ನುತ್ತಿದ್ದೆ. ಬೇರೆ ಯಾರು ಹೋದರೂ ಬರೀ ಕಿರುಚಾಟ. ಅದರ ಕೊರಳಿನ ಕೆಂಪು ಗೆರೆ ನನ್ನ ಕಣ್ಣಿಗೆ ಸಾಕ್ಷಾತ್ ಶಿವದಾರ.

ನಮ್ಮವರು (ಹೆಸರು ನಾನು ಹೇಳುವಂತಿಲ್ಲ, ಬಾಗಿಲ ಹಲಗೆಯ ಮೇಲಿದೆ) ಪಂಚಾಂಗ ಒಂದನ್ನು ಬಿಟ್ಟು ಎಲ್ಲವನ್ನೂ ಓದುವವರು.

"ಶಿವದಾರ ಅಲ್ಲದು, ಗಂಡು ಗಿಳಿ ಹೆಣ್ಣಿಗೆ ತೋರಸೂ ಬೆಡಗು. ಮೈ ಹಸರು ಯಾಕಂದರ, ಎಲಿಯೊಳಗ ಕುಂತರ ಗಿಡುಗಕ್ಕ ಕಾಣಬಾರದು. ನಮಗ ಕಾಣದ ಬಣ್ಣದ ಭೇದ ಗಿಳಿಗೆ ಕಾಣ್ತಾವ."

"ಭಕ್ತಿನೂ ಕಾಣ್ತೈತ್ರಿ," ಎಂದೆ.

ಆ ಶ್ರಾವಣಕ್ಕೆ ಹೊಸ ನೀಲಿ ಇಳಕಲ್ ಸೀರೆ ಬಂತು. ಪೂಜೆಗೆಂದೇ ಆರು ವರ್ಷ ಉಟ್ಟ ಹಸಿರು ಸೀರೆಯನ್ನು ಪಾತ್ರೆ ತಿಕ್ಕುವ ಬೋರವ್ವನಿಗೆ ಕೊಟ್ಟೆ. ಕೊಡುವಾಗ ನಾನೇ ದಾನಶೂರೆ ಅನ್ನಿಸಿತು.

ಮರುದಿನ ನೀಲಿ ಸೀರೆ ಉಟ್ಟು ಹೋದರೆ ಗಿಳಿ ಪಂಜರದ ಮೂಲೆಗೆ ಹಾರಿ ಚೀರಿತು. ದಿನ ಕಳೆದರೂ ಕಡಲೆ ಮುಟ್ಟಲಿಲ್ಲ. ಮೂರನೆಯ ದಿನ ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಕುಳಿತಿತು.

"ಅದು ಗುರುತು ಹಿಡದಿದ್ದು ಸೀರಿನ್ನ, ನಿನ್ನಲ್ಲ," ಎಂದರು ನಮ್ಮವರು.

ಅಭಿಮಾನ ನುಂಗಿಕೊಂಡು ಬೋರವ್ವನನ್ನು ಕೇಳಿದೆ: "ಆ ಸೀರಿ ತಿರುಗಿ ಕೊಡ್ತೀಯೇನ ಬೇ? ಬದಲಿಗೆ ಈ ನೀಲೀದು ಒಯ್ಯಿ."

"ಅಯ್ಯ ಅವ್ವಾರ, ಅದನ್ನ ಹರದು ಮಗಳ ಬಾಣಂತನಕ್ಕ ಕೌದಿ ಹೊಲದೀನಲ್ರಿ! ನಾಳಿ ಹೊನವಾಡ ಬಸ್ಸಿಗೆ ಕಳಸಾಕಿ ಇದ್ದೆ."

ಆ ಕೌದಿಯನ್ನೇ ತರಿಸಿದೆ. ಅದರಲ್ಲಿ ಹತ್ತೆಂಟು ಬಣ್ಣದ ತುಂಡುಗಳು. ಹಸಿರೇ ನಾಲ್ಕು ಸೀರೆಯದು. ಆರು ವರ್ಷ ಉಟ್ಟವಳು ನಾನು, ನನ್ನದು ಯಾವುದೆಂದು ನನಗೇ ತಿಳಿಯಲಿಲ್ಲ. ನಾಲ್ಕೂ ಒಂದೇ ಹಸಿರು. ಗಿಳಿ ಮಾತ್ರ ಕತ್ತು ಓರೆ ಮಾಡಿ ನೋಡಿ, ಸರಳುಗಳ ಸಂದಿನಿಂದ ಕೊಕ್ಕು ಚಾಚಿ ಒಂದು ತುಂಡು ಹಿಡಿದು "ಶಿವಾ" ಅಂದಿತು. ಆ ತುಂಡಿನಲ್ಲಿ ಕರ್ಪೂರದ ಕಿಡಿ ಸುಟ್ಟ ತೂತಿತ್ತು. ನನ್ನದೇ.

"ಹೊಸಾದು ಕೊಟ್ಟು ಚಿಂದಿ ಇಟಗೊಳ್ಳೂ ಸಾವಕಾರ್ತೀನ್ನ ಇವತ್ತ ನೋಡಿದೆ ನೋಡ್ರಿ," ಎಂದು ನಕ್ಕ ಬೋರವ್ವ ನೀಲಿ ಸೀರೆ ಬಗಲಲ್ಲಿಟ್ಟುಕೊಂಡು ಹೋದಳು.

ಗಿಳಿ ಉಳಿಯಿತು. ಆದರೆ ಕೌದಿ ನಮ್ಮವರ ಪಾಲಾಯಿತು. ಬೆಳಗಿನ ಚಳಿಗೆ, ಮುಖ ಕೂಡ ತೊಳೆಯದೆ, ಅದನ್ನು ಹೊದ್ದು ಪಂಜರದ ಮುಂದೆ ಕೂರುತ್ತಾರೆ. ಕಡಲೆಯೂ ಅವರ ಕೈಯದೇ. ಒಳಗೆ ಪೂಜೆಗೆ ಕುಳಿತ ನಾನು ಒಂದು ಕಿವಿಯನ್ನು ಹೊರಗಿಟ್ಟಿರುತ್ತೇನೆ (ಶಿವ ಕ್ಷಮಿಸಲಿ). "ಶಿವಾ, ಶಿವಾ" ಎಂದು ಕೇಳಿದೊಡನೆ, ಹಳೆಯ ರೂಢಿ, "ಓ" ಎನ್ನಲು ಬಾಯಿ ತೆರೆಯುತ್ತೇನೆ.

ಅಷ್ಟರಲ್ಲಿ ಪಡಸಾಲೆಯಿಂದ ನಮ್ಮವರು "ಓ" ಅಂದಿರುತ್ತಾರೆ.