ಬಿಚ್ಚಪ್ಪನ ಕಾಲರ್

ಕೋಟಿನ ಎಡಗಡೆಯ ಕಾಲರ್ ಬಲಗಡೆಗಿಂತ ಒಂದು ನೂಲಿನಷ್ಟು ಕೆಳಗಿತ್ತು. ಅದು ಕಂಡದ್ದು ದರ್ಜಿಯೊಬ್ಬನಿಗೇ. ಕಂಡ ಮೇಲೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಬ್ಲೇಡು ತೆಗೆದು ಹೊಲಿಗೆ ಬಿಚ್ಚಿದ. ತಂದೆತಾಯಿ ಅವನಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಬೀದಿಯವರು ಮಾತ್ರ ಬಿಚ್ಚಪ್ಪ ಎನ್ನುತ್ತಿದ್ದರು.

ಕೋಟು ಮೇಷ್ಟರದು. ಮೂವತ್ತೈದು ವರ್ಷ ಪಾಠ ಹೇಳಿದ ಅವರಿಗೆ ಆ ಸಂಜೆ ಐದಕ್ಕೆ ಬೀಳ್ಕೊಡುಗೆ. ಹುಟ್ಟಿದ ಮೇಲೆ ಇದೇ ಮೊದಲ ಕೋಟು. ಅಳತೆ ಕೊಡುವಾಗ ಒಂದನೆಯ ತರಗತಿಯ ಮಗುವಿನ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಮೂರನೇ ಸಲ ಕಣ್ರೀ," ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಹೇಳಿದಳು. "ಆ ಬಟ್ಟೆಗೆ ಬಾಯಿದ್ದಿದ್ರೆ ಕಿರುಚ್ಕೊಳ್ತಿತ್ತು."

"ಸಭೇಲಿ ಎಲ್ಲರ ಕಣ್ಣೂ ಕಾಲರ್ ಮೇಲೇ ಇರುತ್ತೆ."

"ಹಾಗಾದ್ರೆ ಮೇಷ್ಟ್ರ ಮುಖ ನೋಡೋರು ಯಾರು?"

ಹನ್ನೊಂದಕ್ಕೆ ಮತ್ತೆ ಹೊಲಿದ. ಈಗ ಬಲಗಡೆ ಕೆಳಗಾಯಿತು. ಎರಡೂ ಬಿಚ್ಚಿದ. ಎದುರಿನ ಔಷಧಿ ಅಂಗಡಿಯಾಕೆ ಪಾಪ, ಸಮಾಧಾನ ಹೇಳಲೆಂದೇ ಬಂದಳು. "ಎರಡು ಭುಜಾನೂ ಒಂದೇ ಸಮ ಇರೋ ಮನುಷ್ಯ ಯಾರಿದ್ದಾರೆ ಹೇಳಿ?"

ಬಿಚ್ಚಪ್ಪ ಗಾಬರಿಯಾಗಿ ಭುಜದ ಹೊಲಿಗೆಯನ್ನೂ ಬಿಚ್ಚಿದ.

ಎರಡು ಗಂಟೆಯ ಹೊತ್ತಿಗೆ ಕೋಟು, ಆಪರೇಷನ್ ನಡುವೆ ಡಾಕ್ಟರು ಊಟಕ್ಕೆ ಎದ್ದುಹೋದ ರೋಗಿಯ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ಪಕ್ಕದ ಇಸ್ತ್ರಿಯವನು ಇಣುಕಿ ನೋಡಿದ. ವಾಪಸ್ ಹೋಗಿ, ತನ್ನ ಗಂಟಿನಿಂದ ಹಳೆಯ ಕೋಟೊಂದನ್ನು ತಂದ.

"ಡಾಕ್ಟ್ರದು. ಇದನ್ನ ನೋಡ್ಕೊಂಡು ಹೊಲೀರಿ ಅಣ್ಣಾ."

ಬಿಚ್ಚಪ್ಪ ಕನ್ನಡಕ ಒರೆಸಿಕೊಂಡು ಅದರ ಕಾಲರ್ ಸವರಿದ. ಬೆಳಕಿಗೆ ಹಿಡಿದ.

"ಕೈ ಅಂದ್ರೆ ಇದು ಕಣೋ. ಇಂಥದ್ದೊಂದು ಹೊಲಿದಿದ್ರೆ ಸಾಕಿತ್ತು. ಮೂವತ್ತು ವರ್ಷ ನಾನು ಬರೀ ದಾರ ಹಾಳು ಮಾಡ್ದೆ."

ಹೆಂಡತಿ ಸೂಜಿ ಕೆಳಗಿಟ್ಟಳು. ಆ ಹಳೆಯ ಕೋಟಿನ ಒಳಜೇಬನ್ನು ಹೊರಳಿಸಿ ಅವನ ಮೂಗಿನ ಮುಂದೆ ಹಿಡಿದಳು. ಕಪ್ಪು ಹೊಲಿಗೆಯ ನಡುವೆ ಬೆರಳುದ್ದ ನೀಲಿ ದಾರ.

"ದೊಡ್ಡವಳು ಹುಟ್ಟಿದ ದಿನ ಕಪ್ಪು ದಾರ ಮುಗೀತು ಅಂತ ನೀಲಿ ಹಾಕಿದ್ರಿ. ಆಮೇಲೆ ನಾಚ್ಕೊಂಡು ಮೂರು ತಿಂಗಳು ಡಾಕ್ಟ್ರ ಬೀದೀಲೇ ಓಡಾಡ್ಲಿಲ್ಲ. ಮರೆತ್ರಾ?"

"ಇದು... ನಂದಾ?"

"ಮತ್ತಿನ್ಯಾರದು?"

ದೊಡ್ಡವಳು ಈಗ ಕಾಲೇಜಿನಲ್ಲಿದ್ದಾಳೆ. ಅಷ್ಟು ವರ್ಷ ಆ ಕೋಟು ಎಷ್ಟು ರೋಗಿಗಳ ಮಂಚದ ಪಕ್ಕ ನಿಂತಿತ್ತೋ. ನೀಲಿ ದಾರ ಹುಡುಕಿದವರು ಒಬ್ಬರೂ ಇರಲಿಲ್ಲ. ಬಿಚ್ಚಪ್ಪ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಆ ದಾರವನ್ನು ಬೆರಳಿನಿಂದ ಸವರಿದ.

"ಚೆನ್ನಾಗಿದೆ," ಅಂದ ಕೊನೆಗೆ. ತನ್ನ ಕೆಲಸದ ಬಗ್ಗೆ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು. ಇಸ್ತ್ರಿಯವನು ಅವನ ಕಣ್ಣು ನೋಡಬಾರದೆಂದು ಬೀದಿಯ ಕಡೆ ತಿರುಗಿ ನಿಂತ.

ಆಮೇಲೆ ತಲೆ ಎತ್ತದೆ ಹೊಲಿದ. ನಾಲ್ಕೂವರೆಗೆ ಕೋಟು ಇಸ್ತ್ರಿಯಾಗಿ ನಿಂತಿತು. ಎಡಗಡೆ ಒಂದು ನೂಲು ಕೆಳಗೇ ಇತ್ತು. ಬಿಚ್ಚಪ್ಪ ನೋಡಿದ. "ಇರ್ಲಿ," ಅಂದ.

ಮೇಷ್ಟರು ಬಂದು ತೊಟ್ಟುಕೊಂಡರು. ಕನ್ನಡಿಯಲ್ಲಿ ಕಂಡವರಿಗೆ ಕೈ ಮುಗಿಯುವುದೊಂದೇ ಬಾಕಿ. "ಇದು ನಾನೇನಪ್ಪಾ?" ಎಂದರು. ಮೆಲ್ಲಗೆ ಬಿಚ್ಚಿ, ಮತ್ತೆ ಗೂಟಕ್ಕೆ ತೂಗುಹಾಕಿದರು.

"ಮುಖ್ಯ ಅತಿಥಿಗಳಿಗೆ ಜ್ವರವಂತೆ. ಸಭೆ ಎಂಟು ದಿನ ಮುಂದಕ್ಕೆ ಹೋಯ್ತು. ನಮ್ಮನೇಲಿ ಇಲಿ ಕಾಟ, ಇದು ಇಲ್ಲೇ ಇರ್ಲಿ. ಏನಾದ್ರೂ ತಿದ್ದೋದಿದ್ರೆ ಇನ್ನು ನಿಧಾನವಾಗಿ ತಿದ್ದಿ."

ಮೇಷ್ಟರು ಹೋದರು. ಮೂವರೂ ಗೂಟದ ಕಡೆ ನೋಡಿದರು.

ಹೆಂಡತಿ ಕೈ ಚಾಚಿದಳು. ಬಿಚ್ಚಪ್ಪ ಬ್ಲೇಡನ್ನು ತಾನಾಗಿಯೇ ಅವಳ ಅಂಗೈಯಲ್ಲಿಟ್ಟ.

"ಕತ್ತರೀನೂ," ಅಂದಳು.