ನನ್ನ ಮೊದಲ ರಕ್ತಪಿಶಾಚಿ

ಕಾದಂಬರಿ ಬರೆಯುವವರಿಗೆ ಏಕಾಂತ ಬೇಕು ಅಂತ ಎಲ್ಲೋ ಓದಿದ್ದೆ. ನನಗೆ ಅದೊಂದು ಬಿಟ್ಟು ಮಿಕ್ಕೆಲ್ಲ ಸಿಕ್ಕಿತು. ಹಾಸನದ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಕೆಲಸ ನನ್ನದು. ಹಗಲೆಲ್ಲ ಜನರ ರಕ್ತ ತೆಗೆಯುವುದು, ಬಿಡುವಾದಾಗ ರಕ್ತ ಕುಡಿಯುವವನ ಕಥೆ ಬರೆಯುವುದು. ತೊಂಬತ್ತರ ದಶಕದ ಕೊನೆಗೆ ಶುರು ಮಾಡಿದ್ದು ಹೊಸ ಶತಮಾನ ಬಂದ ಮೇಲೆ ಮುಗಿಯಿತು. ಕಥೆ ಇಷ್ಟೆ: ಅಮರನಾಥ ಅನ್ನುವ ಮುನ್ನೂರು ವರ್ಷದ ರಕ್ತಪಿಶಾಚಿ, ನೋಡೋಕೆ ಮೂವತ್ತರ ಯುವಕ, ಹಾಸನದ ಬಸ್ ಸ್ಟ್ಯಾಂಡ್ ಹಿಂದೆ ಮಹಡಿ ರೂಮು ಮಾಡಿಕೊಂಡು ಯಾರಿಗೂ ಗೊತ್ತಾಗದ ಹಾಗೆ ಬದುಕುತ್ತಿರುತ್ತಾನೆ. ಮಾಲಿನಿ ಅನ್ನುವ ಹುಡುಗಿಯ ಮೇಲೆ ಅವನಿಗೆ ಮನಸ್ಸಾಗುತ್ತದೆ. ಇಂಥದ್ದನ್ನು ಬರೆಯಲು ಕೂತವರು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತದೆ.

ಅತ್ತೆಯವರ ತಿದ್ದುಪಡಿ

ನಮ್ಮ ಅತ್ತೆ ಹೊಳೆನರಸೀಪುರದ ಮನೆಯಲ್ಲಿರುತ್ತಿದ್ದರು. ಬಲು ಮಡಿಯವರು. ಒಂದು ಭಾನುವಾರ ನಾವು ಅಲ್ಲಿಗೆ ಹೋಗಿದ್ದಾಗ ಅವರು ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ.

"ಏನೇ ಅದು, ಅಷ್ಟುದ್ದ ಬರೀತಿದೀಯ?" ಅಂದರು. ಕಥೆ ಹೇಳಿದೆ.

"ರಕ್ತ ಕುಡೀತಾನಾ? ಮತ್ತೆ ಊಟಕ್ಕೆ?"

"ಅದೇ ಊಟ ಅತ್ತೆ."

"ಹುಳಿ ಇಲ್ಲ, ಸಾರಿಲ್ಲ, ಮುನ್ನೂರು ವರ್ಷ! ಪಾಪ" ಅಂತ ಮರುಗಿದರು. ಆಮೇಲೆ, "ಅವನನ್ನ ಓಡಿಸೋಕೆ ಉಪಾಯ ಏನೂ ಇಲ್ವೇನೇ?" ಅಂತ ಕೇಳಿದರು.

"ಬೆಳ್ಳುಳ್ಳಿ ಅಂದ್ರೆ ಅವನಿಗಾಗಲ್ಲ. ಬೆಳ್ಳುಳ್ಳಿ ಇರೋ ಮನೆ ಹೊಸಿಲು ತುಳಿಯಲ್ಲ."

ಅತ್ತೆಯ ಕೈ ನಿಂತುಬಿಟ್ಟಿತು. ಆ ಮನೆಯೊಳಕ್ಕೆ ಬೆಳ್ಳುಳ್ಳಿಯ ಸಿಪ್ಪೆ ಕೂಡ ಎಂದೂ ಬಂದದ್ದಿಲ್ಲ. ಆ ಬೀದಿಯ ಇತರ ಮನೆಗಳೂ ಹಾಗೇ.

"ಹಾಗಾದ್ರೆ ಊರೆಲ್ಲ ಬಿಟ್ಟು ನೆಟ್ಟಗೆ ನಮ್ಮ ಬೀದಿಗೇ ಬರ್ತಾನಲ್ಲೇ!"

ಕಥೆ ತಾನೇ ಅತ್ತೆ ಅಂದರೂ ಅವರಿಗೆ ಸಮಾಧಾನವಾಗಲಿಲ್ಲ. ಕಾಯಿ ಸುಲಿದು ಮುಗಿಯುವವರೆಗೂ ಯೋಚನೆ ಮಾಡಿ ತೀರ್ಮಾನ ಕೊಟ್ಟರು: "ಬೆಳ್ಳುಳ್ಳಿ ಹೊಡೆದು ಹಾಕು. ಇಂಗು ಅಂತ ಬರಿ. ನಮ್ಮನೆ ಇಂಗಿನ ಘಾಟಿಗೆ ಅವನಲ್ಲ, ಅವರಪ್ಪಾನೂ ನಿಲ್ಲಲ್ಲ."

ಅಚ್ಚಾದ ಪುಸ್ತಕದಲ್ಲೂ ಅಮರನಾಥ ಹೆದರುವುದು ಇಂಗಿಗೇ.

ಗೌಡರ ರಿಪೋರ್ಟು

ಮಧ್ಯಾಹ್ನ ಜನ ಕಡಿಮೆಯಾದಾಗ ಲ್ಯಾಬಿನ ಮೇಜಿನ ಮೇಲೇ ನಾಲ್ಕು ಸಾಲು ಬರೆಯುತ್ತಿದ್ದೆ. ರಿಪೋರ್ಟುಗಳನ್ನು ಕವರಿಗೆ ಹಾಕುವುದು ಕೌಂಟರಿನ ಮೇಡಂ ಕೆಲಸ. ಒಂದು ದಿನ ಅವರು ದುದ್ದದ ಕಡೆಯ ಗೌಡರೊಬ್ಬರ ರಿಪೋರ್ಟಿನ ಜೊತೆ ನನ್ನ ಕಾದಂಬರಿಯ ಒಂದು ಹಾಳೆಯನ್ನೂ ಸೇರಿಸಿ ಅಂಟಿಸಿಬಿಟ್ಟರು.

ಮಾರನೆಯ ದಿನ ಗೌಡರು ಹಾಳೆ ಹಿಡಿದುಕೊಂಡು ಬಂದರು.

"ಅಮ್ಮಣ್ಣಿ, 'ನಿನ್ನ ರಕ್ತ ಜೇನಿಗಿಂತ ಸಿಹಿ' ಅಂತ ಬರ್ದಿದೀರಿ. ಸಕ್ರೆ ಕಾಯ್ಲೆ ಅಂತ ನಂಗೂ ಅನ್ಮಾನ ಇತ್ತು, ಒಪ್ಕತೀನಿ. ಆದ್ರೆ ಕೆಳುಗ್ಲು ಸಾಲ್ನಾಗೆ 'ಇನ್ನು ನಿನಗೆ ಸಾವೇ ಇಲ್ಲ' ಅಂತಾನೂ ಬರ್ದಿದೀರಲ್ಲ! ಸಾವೇ ಇಲ್ದಿದ್ ಮ್ಯಾಲೆ ಮಾತ್ರೆ ಯಾಕ್ ನುಂಗ್ಬೇಕು?"

ಅಷ್ಟರಲ್ಲಿ ಲ್ಯಾಬಿನ ಮಾಲೀಕರಾದ ಡಾಕ್ಟರು ಒಳಗಿನಿಂದ ಬಂದು ಹಾಳೆ ಇಸಿದುಕೊಂಡರು. ಕನ್ನಡಕ ಏರಿಸಿ ಪೂರ್ತಿ ಓದಿದರು. ಕೆಲಸ ಹೋಯಿತು, ಮನೆಯಲ್ಲಿ ಏನು ಹೇಳಲಿ ಅಂತ ಆಗಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟರು ನನ್ನ ಮುಖ ನೋಡಿದರು, ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಕೊನೆಗೆ ಸುಧಾರಿಸಿಕೊಂಡು, "ಗೌಡ್ರೇ, ಈ ಹಾಳೆ ನಿಮ್ಮದಲ್ಲ. ಆದ್ರೆ ಶುಗರ್ ಇರೋದು ನಿಜ. ಮಾತ್ರೆ ತಗೊಳ್ಳಿ" ಅಂದರು.

ಗೌಡರು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಓಗ್ಲಿ ಬುಡಿ ಸಾ, ಶುಗರ್ ಒಂದೇ ತಾನೆ? ಅದ್ರಾಗೆ ಮಾಲಿನಿ ಅಂತ ಇನ್ನೊಂದ್ ಬರ್ದಿತ್ತು, ಅದು ನಂಗಿಲ್ವಲ್ಲಾ?"

ಮೊದಲ ಓದುಗರು

ಬರೆದದ್ದನ್ನು ಟೈಪ್ ಮಾಡಿಸಲು ಚನ್ನರಾಯಪಟ್ಟಣದ ಒಂದು ಕಂಪ್ಯೂಟರ್ ಅಂಗಡಿ ಗೊತ್ತುಮಾಡಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಳೆಗಳನ್ನು ತಿದ್ದುತ್ತಿದ್ದೆ. ಪಕ್ಕದಲ್ಲಿ ಹಾಲಿನ ಕ್ಯಾನು ಕಾಲ ಸಂದಿಯಲ್ಲಿಟ್ಟುಕೊಂಡ ಒಬ್ಬ ಹೆಂಗಸು. ಆಕೆ ನನ್ನ ಭುಜದ ಮೇಲಿಂದ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದುದು ನನಗೆ ಗೊತ್ತೇ ಆಗಿರಲಿಲ್ಲ.

"ಯಾರ್ರೀ ಶಾಂತಿಗ್ರಾಮ, ಇಳೀರಿ" ಅಂತ ಕಂಡಕ್ಟರ್ ಕೂಗಿದ. ಆಕೆ ಅಲುಗಲಿಲ್ಲ. ಅವನು ಮತ್ತೆ ಕೂಗಿದ. "ಅಮ್ಮೋ, ನೀನೇ ಅಲ್ವಾ ಶಾಂತಿಗ್ರಾಮಕ್ಕೆ ಟಿಕೆಟ್ ತಗಂಡಿದ್ದು?"

"ವಸಿ ತಡ್ಕಳಲಾ!" ಅಂತ ಗದರಿ, ಆಕೆ ನನ್ನ ಮೊಣಕೈ ಹಿಡಿದುಕೊಂಡಳು. "ಅವ್ನು ಆ ಉಡ್ಗೀನ ಕಚ್ತಾನಾ ಇಲ್ವಾ, ಬಿರ್ನೆ ಯೋಳ್ಬುಡವ್ವ. ಇಳೀತೀನಿ."

"ಇಲ್ಲಮ್ಮ, ಕಚ್ಚಲ್ಲ."

ಆಕೆ ಕ್ಯಾನು ಎತ್ತಿಕೊಂಡು ಎದ್ದಳು. "ಥೂ, ಗಂಡ್ಸಾ ಅವ್ನು!"

ಚಿ|| ಅಮರನಾಥ

ಚನ್ನರಾಯಪಟ್ಟಣದ ಆ ಅಂಗಡಿಯವರಿಗೆ ವರ್ಷಪೂರ್ತಿ ಮದುವೆ ಪತ್ರಿಕೆ ಮಾಡಿಯೇ ಅಭ್ಯಾಸ. ಮೊದಲ ಕರಡು ಕೊಟ್ಟಾಗ ನೋಡಿದರೆ ಅಧ್ಯಾಯ ಒಂದರ ನೆತ್ತಿಯ ಮೇಲೆ ಗಣಪತಿಯ ಚಿತ್ರ. ಕೆಳಗೆಲ್ಲ ರಕ್ತಪಿಶಾಚಿ ಬಂದಲ್ಲೆಲ್ಲ "ಚಿ|| ಅಮರನಾಥ", ಹುಡುಗಿ ಬಂದಲ್ಲೆಲ್ಲ "ಚಿ||ಸೌ|| ಮಾಲಿನಿ". ಚಿರಂಜೀವಿ ಅನ್ನುವುದು ಅವನಿಗೆ ಒಪ್ಪುತ್ತದೆ ಅಂತ ಅದನ್ನು ಸಹಿಸಿಕೊಂಡೆ. ಆದರೆ ಅವನು ಮಾಲಿನಿಯ ಮನೆ ಬಾಗಿಲಿಗೆ ಬಂದು ನಿಲ್ಲುವ, ನಾನು ಬೆವರು ಸುರಿಸಿ ಬರೆದ ಭಯಾನಕ ಪುಟ ತೆಗೆದರೆ, ನಟ್ಟನಡುವೆ ಹೂಬಳ್ಳಿಯ ಚೌಕಟ್ಟು. ಅದರೊಳಗೆ "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ."

"ಏನ್ರೀ ಇದು?" ಅಂದೆ, ಅಳುವುದೊಂದು ಬಾಕಿ.

ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ನೀವೇ ಬರ್ದಿದೀರಲ್ಲ ಮೇಡಂ, ಮನೆಯವ್ರು ಕರೀದೆ ಇವ್ನು ಒಳಿಕ್ ಬರಾಂಗಿಲ್ಲ ಅಂತ? ಕತೆ ಮುಂದಕ್ ಓಗ್ಬೇಕಲ್ಲ, ಅದ್ಕೇ ನಾನೇ ಒಂದ್ ಪತ್ರಿಕೆ ಆಕ್ಬುಟ್ಟೆ."

ಬಿಡುಗಡೆ

ನನ್ನ ತವರು ಅರಕಲಗೂಡು. ಮಗಳ ಪುಸ್ತಕ ಅಲ್ಲೇ ಬಿಡುಗಡೆಯಾಗಬೇಕು ಅಂತ ಅಪ್ಪನ ಹಟ. ಊರಿನ ಯುವಕ ಸಂಘದವರು ಮುಂದೆ ಬಂದರು. ರಕ್ತದ ಪುಸ್ತಕ ಅಂತ ಕೇಳಿ, ಬಿಡುಗಡೆಗೆ ಗೊತ್ತುಮಾಡಿದ್ದ ಛತ್ರದಲ್ಲೇ ರಕ್ತದಾನ ಶಿಬಿರವನ್ನೂ ಇಟ್ಟುಕೊಂಡರು. ವೇದಿಕೆ ಒಂದು ಕಡೆ, ಮಂಚಗಳ ಸಾಲು ಇನ್ನೊಂದು ಕಡೆ.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಶಿಬಿರದ ಟೆಕ್ನಿಷಿಯನ್ ಬಂದಿರಲಿಲ್ಲ. ಶಿಬಿರದ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. "ದಾನಿಗಳು ಸಾಲಿನಲ್ಲಿ ನಿಂತಿದಾರೆ, ನೀವು ಇದೇ ಕೆಲಸದವರಂತೆ, ಸ್ವಲ್ಪ ಹೊತ್ತು ಕೈಜೋಡಿಸಿ." ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು ತೊಟ್ಟು ಇಳಿದೆ. ಮೊದಲು ಮಲಗಿದವರು ಹೊಗೆಸೊಪ್ಪು ಬೆಳೆಯುವ ಒಬ್ಬ ರೈತರು. ಅವರ ರಕ್ತ ತೆಗೆದು, ಚೀಲವನ್ನು ಒಳಗಿನ ಕೋಣೆಗೆ ಕೊಟ್ಟು ಬಂದೆ. ಅವರು ತೋಳಿನ ಮೇಲೆ ಹತ್ತಿ ಒತ್ತಿಕೊಂಡು ಮಲಗೇ ಇದ್ದರು. ಬೆಳಗಿನಿಂದ ಗಡಿಬಿಡಿಯಲ್ಲಿ ನಾನು ತಿಂಡಿ ತಿಂದಿರಲಿಲ್ಲ, ತಲೆ ಸುತ್ತಿದ ಹಾಗಾಯಿತು. ಒಳಗೆ ಯಾರೋ ನನ್ನ ಕೈಗೆ ಒಂದು ಗಾಜಿನ ಲೋಟದ ತುಂಬ ಕೆಂಪಗಿನ ದ್ರಾಕ್ಷಿ ಜ್ಯೂಸ್ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡೇ ಮಂಚದ ಪಕ್ಕ ನಿಂತೆ.

ವೇದಿಕೆಯಲ್ಲಿ ಮುಖ್ಯ ಅತಿಥಿಗಳ ಭಾಷಣ ನಡೆದಿತ್ತು. ನಿವೃತ್ತ ಅಧಿಕಾರಿಗಳು. ಪುಸ್ತಕವನ್ನು ಅಲ್ಲೊಂದು ಇಲ್ಲೊಂದು ಪುಟ ತಿರುವಿದ್ದರು ಅಷ್ಟೆ.

"ಈ ಕಥಾನಾಯಕ ಅಮರನಾಥರನ್ನು ನೋಡಿ! ಊಟವಿಲ್ಲ, ನಿದ್ದೆಯಿಲ್ಲ, ಹೆಂಡತಿ ಮಕ್ಕಳ ಚಿಂತೆಯಿಲ್ಲ. ಮುನ್ನೂರು ವರ್ಷ ಮನೆ ಮನೆಗೆ ತೆರಳಿ ರಕ್ತ ಸಂಗ್ರಹಿಸಿದ್ದಾರೆ! ಇಂದಿನ ಯುವಜನ ಇಂಥವರನ್ನು ಆದರ್ಶವಾಗಿಟ್ಟುಕೊಳ್ಳಬೇಕು!"

ಭರ್ಜರಿ ಚಪ್ಪಾಳೆ. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಸಾ, ಅಷ್ಟೊಂದ್ ರಕ್ತ ತಗಂಡ್ ಅವ್ರು ಯಾರಿಗ್ ಕೊಟ್ರು?"

ಅತಿಥಿಗಳು ತಬ್ಬಿಬ್ಬಾಗಿ ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿದರು. ಅಪ್ಪ ಪುಸ್ತಕ ಪೂರ್ತಿ ಓದಿದ್ದರು. ಹೆಮ್ಮೆಯಿಂದ ಎದ್ದು ಮೈಕು ಹಿಡಿದರು.

"ಯಾರಿಗೂ ಕೊಡಲ್ಲ. ಅವರೇ ಕುಡೀತಾರೆ! ನನ್ನ ಮಗಳು ಇದನ್ನ ಸುಮ್ಮನೆ ಕಲ್ಪನೆ ಮಾಡಿ ಬರ್ದಿಲ್ಲ, ಎಲ್ಲಾ ಅವಳ ಉದ್ಯೋಗದ ಅನುಭವ. ಅಗೋ, ಅಲ್ಲೇ ನಿಂತಿದಾಳೆ!"

ಇಡೀ ಛತ್ರ ನನ್ನ ಕಡೆ ತಿರುಗಿತು. ಆ ಗಳಿಗೆಯಲ್ಲಿ ನಾನು ಬಿಳಿ ಕೋಟು ತೊಟ್ಟು, ಕೆಂಪು ಲೋಟವನ್ನು ಬಾಯಿಗೆ ಕವುಚಿಕೊಂಡು ಕೊನೆಯ ಗುಟುಕು ಇಳಿಸುತ್ತಿದ್ದೆ. ದಾನಿಗಳ ಸಾಲು ಸದ್ದಿಲ್ಲದೆ ಬಾಗಿಲ ಕಡೆ ಕರಗಿತು.

ಮಂಚದ ಮೇಲಿದ್ದ ರೈತರು ಮಾತ್ರ ಓಡುವ ಹಾಗಿರಲಿಲ್ಲ. ಖಾಲಿ ಲೋಟ ನೋಡಿದರು, ತಮ್ಮ ತೋಳು ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿ ಮೆತ್ತಗೆ ಕೇಳಿದರು:

"ಅಲ್ಲಾ ತಾಯಿ... ಎಂಗಿತ್ತು ನಂದು?"