ಮೇಡಂ ಕಾರಿನ ಬುಷ್ಷು, ನಾನು ಹುಟ್ಟಿಸಿದ ಶಾಸ್ತ್ರ

ಚಾಮರಾಜಪೇಟೆಯಲ್ಲಿ ನಲವತ್ತು ವರ್ಷದಿಂದ ಗ್ಯಾರೇಜು ಇಟ್ಟಿದ್ದೇನೆ. ಗಾಡಿ ಮೂಲೆ ತಿರುಗುವಾಗಲೇ ಸದ್ದು ಕೇಳಿ, ಅದರ ರೋಗವನ್ನೂ ಅದರ ಯಜಮಾನ ಬೆಳಿಗ್ಗೆ ಏನು ತಿಂಡಿ ತಿಂದಿದ್ದಾನೆ ಅನ್ನುವುದನ್ನೂ ಹೇಳಬಲ್ಲವನು ನಾನು. ಇಂಥವನ ಕೈಯಲ್ಲಿ ತಪ್ಪಾಗುವುದೇ ಇಲ್ಲ. ಆದರೂ ವರ್ಷಕ್ಕೆ ನಾಲ್ಕೈದು ಸಲ ಹೇಗೋ ಆಗಿಬಿಡುತ್ತದೆ. ಹೋದ ಅವರೆಕಾಯಿ ಕಾಲದಲ್ಲಿ ಆ ವರ್ಷದ ಪಾಲೆಲ್ಲ ಒಂದೇ ವಾರದಲ್ಲಿ ಮುಗಿಯಿತು.

೧. ಪುಸ್ತಕ ಬೇಡ ಅಂದದ್ದು

ಬುಧವಾರ ಬೆಳಿಗ್ಗೆ ಕೆಂಪು ಸ್ಪೋರ್ಟ್ಸ್ ಕಾರೊಂದು ಬಾಗಿಲಿಗೆ ಬಂದು ನಿಂತಿತು. ಎರಡೇ ಸೀಟು. ಹೊಟ್ಟೆಗೂ ನೆಲಕ್ಕೂ ನಾಲ್ಕು ಬೆರಳು. ಇಳಿದವರು ಯಾರು ಅಂತೀರಿ? ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಡಂ! ಕಲಿಸಿದರು ಅನ್ನುವುದು ಅವರ ಕಡೆಯ ಮಾತು. ನಿವೃತ್ತಿಯಾದ ಮೇಲೆ ಜೊತೆಯವರೆಲ್ಲ ಕಾಶಿಗೆ ಹೋಗಿ ಬಂದರೆ, ಇವರು ಸೆಕೆಂಡ್ ಹ್ಯಾಂಡಿನಲ್ಲಿ ಈ ಕಾರು ತಗೊಂಡರು.

"ಹಿಂದಿನ ಚಕ್ರ ಗುಂಯ್ ಅಂತಿದೆ ಕಣೋ. ಭಾನುವಾರ ನಮ್ಮಕ್ಕಂಗೆ ಎಂಬತ್ತು ತುಂಬತ್ತೆ. ಬೆಳಿಗ್ಗೆ ಆರಕ್ಕೆ ಇದರಲ್ಲೇ ನಂದಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ಮೊದಲೇ ಅವಳು ಈ ಗಾಡೀನ ನಂಬಲ್ಲ. ದಾರೀಲಿ ಕೈ ಕೊಟ್ರೆ ಇನ್ನು ಜನ್ಮದಲ್ಲಿ ಹತ್ತಲ್ಲ."

ಒಂದು ದಪ್ಪ ಪುಸ್ತಕ ಮುಂದೆ ಹಿಡಿದರು. "ಈ ಕಾರಿನ ರಿಪೇರಿ ಪುಸ್ತಕ. ಓದ್ಕೊಂಡು ಮಾಡು."

"ನನಗ್ಯಾಕೆ ಮೇಡಂ ಪುಸ್ತಕ? ಇದೆಲ್ಲ ಕೈಗೇ ಗೊತ್ತು."

"ಹತ್ತನೇ ಕ್ಲಾಸಲ್ಲೂ ನೀನು ಇದನ್ನೇ ಹೇಳಿದ್ದೆ," ಅಂದು ಪುಸ್ತಕ ವಾಪಸ್ ಬ್ಯಾಗಿಗೆ ಹಾಕಿಕೊಂಡರು. "ಎಷ್ಟು ಮಾರ್ಕ್ಸ್ ಬಂತು ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

೨. ಹೊಸ ಲಿಫ್ಟಿನ ಮಹಿಮೆ

ಅಷ್ಟು ವರ್ಷ ನೆಲದ ಗುಂಡಿಯೊಳಗೆ ಇಳಿದು ಗಾಡಿಯ ತಳ ನೋಡುತ್ತಿದ್ದ ನಾನು, ಆಗಷ್ಟೇ ಗಾಡಿಯನ್ನು ಮೇಲಕ್ಕೆತ್ತುವ ಲಿಫ್ಟ್ ಹಾಕಿಸಿದ್ದೆ. ಬೀದಿಯವರೆಲ್ಲ ನೋಡಲಿ ಅಂತ ಗುರುವಾರ ಕಾರನ್ನು ತಲೆಗಿಂತ ಮೇಲಕ್ಕೆತ್ತಿ, ಗುಂಯ್ ಅನ್ನುತ್ತಿದ್ದ ಬೇರಿಂಗ್ ಬದಲಾಯಿಸಿ, ಬಿಚ್ಚಿದ್ದ ಚಕ್ರ ಹಿಡಿಯುವ ತೋಳುಗಳನ್ನು ಮತ್ತೆ ಜೋಡಿಸಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬೋಲ್ಟುಗಳನ್ನು ಬಿಗಿದೆ.

ಆ ತೋಳಿನ ಬುಡದಲ್ಲಿ ರಬ್ಬರ್ ಬುಷ್ ಇರುತ್ತದೆ, ನಮ್ಮ ಮಂಡಿಯ ಮೂಳೆಗಳ ನಡುವೆ ಮೆತ್ತೆ ಇದ್ದ ಹಾಗೆ. ಚಕ್ರ ನೆಲದ ಮೇಲೆ ನಿಂತು ಭಾರ ಹೊತ್ತಿರುವಾಗಲೇ ಅದರ ಬೋಲ್ಟ್ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗುಂಡಿಯ ಕಾಲದಲ್ಲಿ ಗಾಡಿ ನೆಲದ ಮೇಲೇ ಇರುತ್ತಿದ್ದುದರಿಂದ ನೆನಪಿಟ್ಟುಕೊಳ್ಳುವ ಕೆಲಸ ಇರಲಿಲ್ಲ, ಅಷ್ಟೇ.

ಕಾರನ್ನು ಇಳಿಸಿ, ಓಡಿಸಿ ನೋಡೋಣ ಅಂತ ಗಾಂಧಿ ಬಜಾರಿನ ಕಡೆ ಒಂದು ಸುತ್ತು ಹೊರಟೆ. ಮೊದಲನೇ ಹಂಪಿನಲ್ಲೇ ಹಿಂದಿನಿಂದ 'ಕಿರ್ರ್...' ಎರಡನೆಯದರಲ್ಲಿ 'ಟಪ್!' ಉಸಿರು ಬಿಗಿ ಹಿಡಿದು ವಾಪಸ್ ತಂದೆ. ಪಕ್ಕದ ಲೇತ್ ಅಂಗಡಿಯವನು ಬಗ್ಗಿ ನೋಡಿದ.

"ಗುರು, ನಾಲ್ಕೂ ಬುಷ್ಷು ಹರಿದೋಗಿದೆ."

"ಹಳೇ ರಬ್ಬರು ಕಣೋ. ವಯಸ್ಸಾಗಿತ್ತು."

"ವಯಸ್ಸಾಗಿತ್ತು, ಸರಿ. ನಿನ್ನ ಹತ್ರ ಅಡ್ಮಿಟ್ ಆಗೋವರೆಗೂ ಬದುಕಿತ್ತಲ್ಲ!"

೩. ಫ್ರಿಜ್ಜಿನೊಳಗಿನ ಕೋಡುಬಳೆ

ಹರಿದ ಬುಷ್ಷಿನಲ್ಲಿ ಬೆಟ್ಟದ ತಿರುವು ತೆಗೆದರೆ ಕಾರಿನ ಮುಂಭಾಗ ನಂದಿಗೆ, ಹಿಂಭಾಗ ಕಂದಕಕ್ಕೆ. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆ. "ಹದಿನೈದು ದಿನ ಆಗತ್ತೆ ಸಾರ್" ಅನ್ನುವುದೇ ಎಲ್ಲರ ಮಂತ್ರ. ಕೊನೆಗೊಬ್ಬ ಚೆನ್ನೈಯಿಂದ ಬಸ್ಸಿಗೆ ಹಾಕಿಸಿದ. ಶುಕ್ರವಾರ ಬರಬೇಕಾದ ಪಾರ್ಸೆಲ್ ಬರಲಿಲ್ಲ. ಮೇಡಂ ಫೋನ್ ಮಾತ್ರ ಬರುತ್ತಲೇ ಇತ್ತು.

"ಪಾಲಿಶ್ ಮಾಡ್ತಿದೀನಿ ಮೇಡಂ."

"ನಿನ್ನೆಯಿಂದ ಪಾಲಿಶ್ ಮಾಡ್ತಿದೀಯಲ್ಲೋ, ಬಣ್ಣ ಉಳಿದಿದೆ ತಾನೇ?"

ಶನಿವಾರ ಹನ್ನೆರಡಕ್ಕೆ ಪಾರ್ಸೆಲ್ ಬಂತು. ಬುಷ್ಷು ತೋಳಿನ ತೂತಿಗೆ ಇಳಿಯಲಿಲ್ಲ. ಚಳಿಗೆ ಕುಗ್ಗಲಿ ಅಂತ ಮನೆಗೆ ಓಡಿ, ನಾಲ್ಕನ್ನೂ ಫ್ರೀಜರಿನಲ್ಲಿಟ್ಟು ಬಂದೆ. ಎರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಅಲ್ಲಿ ಹಿತಕಿದ ಅವರೆಬೇಳೆಯ ಡಬ್ಬ! ಬುಷ್ಷಿಲ್ಲ. ನನ್ನ ಎದೆಯೇ ಫ್ರೀಜರಿಗೆ ಹೋದ ಹಾಗಾಯಿತು.

"ಇಲ್ಲಿಟ್ಟಿದ್ದು ಎಲ್ಲೇ?"

"ಆ ಕಪ್ಪು ಕೋಡುಬಳೇನಾ?" ಅಂದಳು ಹೆಂಡತಿ. "ಯಾವ ಎಣ್ಣೇಲಿ ಕರ್ದಿದ್ರೋ, ಗ್ರೀಸ್ ವಾಸನೆ. ಮುಟ್ಟಿದ್ರೆ ಮೆತ್ತಗಿತ್ತು. ಗರಿಗರಿ ಆಗ್ಲಿ ಅಂತ ತಾರಸಿ ಮೇಲೆ ಬಿಸಿಲಿಗೆ ಹಾಕಿದೀನಿ ಕಣ್ರೀ."

೪. ಗುಂಡಿಯೊಳಗಿನ ಜಾಗಟೆ

ಮತ್ತೆ ಎರಡು ಗಂಟೆ ಫ್ರೀಜರ್ ಮುಂದೆ ನಾನೇ ಕಾವಲು ಕೂತೆ. ಸಂಜೆ ಐದಕ್ಕೆ ಬುಷ್ಷು ಕೂತವು. ಈ ಸಲ ಲಿಫ್ಟಿನ ಸಹವಾಸ ಬೇಡ ಅಂತ ಕಾರನ್ನು ಹಳೇ ಗುಂಡಿಯ ಮೇಲೆ ನಿಲ್ಲಿಸಿದೆ. ಇಷ್ಟು ಹಗುರ ಗಾಡಿಗೆ ಜನ ಕೂತಾಗಿನ ಭಾರದಲ್ಲೇ ಬೋಲ್ಟ್ ಬಿಗಿಯಬೇಕು, ಅಂದರೆ ಎರಡೂ ಸೀಟಿಗೆ ಆಳು ಬೇಕು. ಒಂದಕ್ಕಾದರೂ ಲೇತ್‌ನವನನ್ನು ಕೂರಿಸೋಣ ಅಂದರೆ ಅವನು ಅಂಗಡಿ ಮುಚ್ಚಿ ಹೋಗಿದ್ದ. ಅಷ್ಟರಲ್ಲಿ ಆಟೋದಿಂದ ಮೇಡಂ ಇಳಿದರು, ಜೊತೆಗೆ ಅವರಕ್ಕ. ಬೆಂಚಿನ ಮೇಲೆ ಹರಿದ ಬುಷ್ಷುಗಳು! ಅವುಗಳ ಮೇಲೆ ಕೈ ಒರೆಸುವ ಬಟ್ಟೆ ಎಳೆದೆ.

"ಒಂದು ಶಾಸ್ತ್ರ ಬಾಕಿ ಇದೆ ಮೇಡಂ," ಅಂದೆ. ನಾಲಿಗೆ ತಾನಾಗಿ ಓಡಿತು. "ಮನೆಯ ಹಿರಿಯರ ಜೊತೆ ಗಾಡೀಲಿ ಕೂತು ದೇವರನಾಮ ಹೇಳ್ಬೇಕು. ಮುಗಿಯೋವರೆಗೂ ಇಳೀಬಾರ್ದು. ನಾನು ಕೆಳಗೆ ಗುಂಡೀಲಿ ನಿಂತು ಕೈ ಮುಗೀತಿರ್ತೀನಿ."

ಮೇಡಂ ನನ್ನ ಮುಖವನ್ನೇ ನೋಡಿದರು. ಅಕ್ಕನಿಗೆ ಮಾತ್ರ ಪರಮಾನಂದ. ಕೂತವರೇ ಶುರು ಮಾಡಿದರು. ಪಲ್ಲವಿಗೆ ಒಂದು ಬೋಲ್ಟು, ಅನುಪಲ್ಲವಿಗೆ ಇನ್ನೊಂದು. ಎರಡು ಚರಣ ಮುಗಿಯುವಷ್ಟರಲ್ಲಿ ಮೂರನೆಯದೂ ಆಯಿತು. ನಾಲ್ಕನೆಯದು ಹಟ ಹಿಡಿಯಿತು, ಹಾಡು ಮಂಗಳಕ್ಕೆ ಬಂತು. ಮೈಯೆಲ್ಲ ಬೆವರು. ಜೋರಾಗಿ ಎಳೆದೆ, ಸ್ಪ್ಯಾನರ್ ಜಾರಿ ಕಬ್ಬಿಣಕ್ಕೆ ಬಡಿಯಿತು: ಠಣ್!

"ಅದೇನಪ್ಪಾ ಸದ್ದು?" ಅಂದರು ಅಕ್ಕ.

"ಜಾಗಟೆ ಅಮ್ಮಾ! ಇನ್ನೊಂದು ಸಲ ಮಂಗಳ ಹೇಳಿ!"

ಹೇಳಿದರು. ಬಿಗಿದೆ. ಗುಂಡಿಯಿಂದ ಮೇಲೆ ಬಂದರೆ ಮೇಡಂ ಕೇಳಿದರು, "ನಾಲ್ಕೂ ಬಿಗಿ ಆಯ್ತೇನೋ?"

ಕೈಯಲ್ಲಿದ್ದ ಸ್ಪ್ಯಾನರನ್ನು ಬೆನ್ನ ಹಿಂದೆ ಸರಿಸಿದೆ.

"ಭಾರ ಇಟ್ಟೇ ಬಿಗೀಬೇಕು ಅಂತ ಪುಸ್ತಕದಲ್ಲಿದೆ. ಗುರುವಾರ ಆಟೋದಲ್ಲಿ ಈ ಕಡೆ ಬಂದಾಗ ನೀನು ಮೇಲೆತ್ತಿ ಬಿಗೀತಿದ್ದದ್ದು ರಸ್ತೆಗೆಲ್ಲ ಕಾಣ್ತಿತ್ತು. ಭಾರ ಬೇಕಾಗತ್ತೆ ಅಂತಲೇ ಅಕ್ಕನ್ನ ಕರ್ಕೊಂಡು ಬಂದೆ."

"ಅವತ್ತೇ ಒಂದು ಮಾತು ಹೇಳಬಹುದಿತ್ತಲ್ಲ ಮೇಡಂ!"

"ಪರೀಕ್ಷೆ ನಡೀವಾಗ ಉತ್ತರ ಹೇಳಿಕೊಡೋ ಅಭ್ಯಾಸ ನಂಗಿಲ್ಲ. ನೂರಕ್ಕೆ ಮೂವತ್ತೈದು. ಪಾಸು."

ಅವರ ಕೈಯಲ್ಲಿ ನಾನು ಪಾಸಾದದ್ದು ಅದೇ ಮೊದಲು.

೫. ಶಾಸ್ತ್ರ ಮಲ್ಲೇಶ್ವರಕ್ಕೆ ಹೋದದ್ದು

ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಕಾರು ಒಂದು ಸಲವೂ ಕಿರ್ರ್ ಅನ್ನಲಿಲ್ಲ. ಅಕ್ಕ ಬಾಯಿತುಂಬ ಹೊಗಳಿದರಂತೆ. ನನ್ನನ್ನಲ್ಲ, ಶಾಸ್ತ್ರವನ್ನು. ಅವರ ಮನೆ ಮಲ್ಲೇಶ್ವರದಲ್ಲಿ. ಬೀದಿಯವರಿಗೆಲ್ಲ ಹೇಳಿದ್ದಾರೆ.

ಮುಂದಿನ ವಾರ ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದರೆ ಹೊರಗೊಂದು ಕಾರು. ಒಳಗೆ ಅಜ್ಜಿ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲರೂ ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡು ಕೂತಿದ್ದಾರೆ. ಹೆಂಡತಿಯ ತೊಡೆಯ ಮೇಲೆ ಶ್ರುತಿಪೆಟ್ಟಿಗೆ. ಗಂಡ ಗಾಜು ಇಳಿಸಿ ವಿನಯದಿಂದ ಕೇಳಿದ:

"ಬರೀ ಆಯಿಲ್ ಚೇಂಜ್ ಸಾರ್. ಎಷ್ಟು ಹಾಡು ಹೇಳ್ಬೇಕಾಗತ್ತೆ?"

ನಲವತ್ತು ವರ್ಷದ ಅನುಭವ ಅಂದರೆ ಸುಮ್ಮನೆಯೇ? ಬಾನೆಟ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಕ್ಷಣ ಯೋಚಿಸಿದೆ.

"ಆಯಿಲ್‌ಗೆ ಬರೀ ಮಂಗಳ ಸಾಕು," ಅಂದೆ. "ಕ್ಲಚ್ ಏನಾದ್ರೂ ಬಿಚ್ಚೋ ಹಾಗಿದ್ರೆ ಪಕ್ಕವಾದ್ಯದವರನ್ನೂ ಕರ್ಕೊಂಡು ಬನ್ನಿ."